ಮೋಟಾರ್ ಸೈಕಲ್ಲಿಗೊಂದು ಒಂಟಿಗಾಲಿಯ ಬಂಡಿ

ಎತ್ತಿನ ಗಾಡಿಗೆ ಹೊರೆ ಹೇರುವ ರೈತನನ್ನು ನೀವು ನೋಡಿರಬಹುದು. ಮೂಟೆಗಳನ್ನು ಇರಿಸಿದ ಮೇಲೆ ಆತನು ಒಮ್ಮೆ ಮೂಕಿಯನ್ನು ಎತ್ತಿ ನೋಡುತ್ತಾನೆ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳನ್ನು ಬಿಗಿಯುತ್ತದೆ. ಮುಂಭಾರ ಮಿತಿಮೀರಿದರೆ ನೊಗವು ಹೆಗಲನ್ನು ಒತ್ತುತ್ತದೆ. ಈ ಹಳೆಯ ತಿಳಿವಿಲ್ಲದವನು ಮೋಟಾರ್ ಸೈಕಲ್ಲಿಗೆ ಬಂಡಿ ಕಟ್ಟಹೊರಟರೆ ಪ್ರಾಣಕ್ಕೇ ಸಂಚಕಾರ.

ಮೋಟಾರ್ ಸೈಕಲ್ಲಿಗೂ ಬಂಡಿಯುಂಟೆ? ಉಂಟು. ಅಂದಿನ ಚೆಕೊಸ್ಲೊವಾಕಿಯಾದಲ್ಲಿ ಜಾವಾ ವಾಹನಗಳಿಗೆ ತಗಲಿಸಲೆಂದು ‘ಪಾವ್ 40’ ಎಂಬ ಒಂಟಿಗಾಲಿಯ ಬಂಡಿ ತಯಾರಾಗುತ್ತಿತ್ತು. ಅದು 40 ಕಿಲೋಗ್ರಾಂ ಸಾಮಾನು ಹೊರುತ್ತಿತ್ತು. ಜಾವಾ ಎಂದೊಡನೆ ನಮಗೆ ನೆನಪಾಗುವುದು ಮೈಸೂರು. 1960ರ ದಶಕದಲ್ಲಿ ಅಲ್ಲಿ ಆರಂಭವಾದ ಅದರ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂತಹುದೇ ಬಂಡಿಯನ್ನು ಗುಜರಿ ವಾಹನವೊಂದರಿಂದ ಕಟ್ಟುವ ಬಗೆಯನ್ನು ಈಗ ವಿಚಾರಿಸೋಣ.

ಗಾಲಿ ಒಂದೇ ಏಕೆ? ತಿರುವಿನಲ್ಲಿ ಮೋಟಾರ್ ಸೈಕಲ್ ಒಳಮಗ್ಗುಲಿಗೆ ವಾಲುತ್ತದೆ. ಎರಡು ಗಾಲಿಯ ಬಂಡಿ ವಾಲದು; ಆದುದರಿಂದ ಅದರ ಕೊಂಡಿ ಎಲ್ಲ ದಿಕ್ಕಿಗೂ ಹೊರಳಬೇಕು. ಒಂಟಿಗಾಲಿಯದಾದರೋ ತಾನಾಗಿ ನಿಲ್ಲಲಾರದು. ವಾಹನದ ಆಸರೆಯಲ್ಲಿ ನಿಂತು ಅದರೊಡನೆಯೇ ವಾಲುತ್ತದೆ. ಆದಕಾರಣ ಅದರ ಕೊಂಡಿಗೆ ಎರಡೇ ಸ್ವಾತಂತ್ರ್ಯ: ಎಡಬಲಕ್ಕೆ ಹೊರಳುವುದು, ಉಬ್ಬುತಗ್ಗುಗಳಲ್ಲಿ ಏರಿಳಿಯುವುದು. ಮಗ್ಗುಲಿಗೆ ಉರುಳುವ ಮೂರನೆಯದನ್ನು ಬಿಗಿಯಾಗಿ ತಡೆಯಬೇಕು. ಕಾರಿನ ಬಂಡಿಗಿರುವ ಗುಂಡಿನಂತಹ ಕೊಂಡಿಯನ್ನು ಇಲ್ಲಿ ಜೋಡಿಸಿದರೆ, ಹೊರಡುವ ಮೊದಲೇ ಬಂಡಿ ಮಗುಚಿಕೊಂಡೀತು.

ನೋಂದಣಿ ರದ್ದಾಗಿ ಗುಜರಿ ಸೇರಿದ ವಾಹನದಲ್ಲಿ ಬೇಕಾದುದೆಲ್ಲವೂ ಇದೆ. ಹಿಂದಿನ ಚಕ್ರ, ಅದನ್ನು ಹಿಡಿದ ಸ್ವಿಂಗ್ ಆರ್ಮ್, ಎರಡು ಶಾಕ್ ಅಬ್ಸಾರ್ಬರುಗಳು, ಇವು ಕೂಡುವ ಚೌಕಟ್ಟಿನ ಭಾಗ. ಹ್ಯಾಂಡಲ್ ತಿರುಗುವ ಕೊರಳನ್ನೂ ಎಸೆಯಬೇಡಿ. ಬೇರಿಂಗುಗಳ ನಡುವೆ ಅಲುಗಾಡದೆ ತಿರುಗುವ ಆ ಕೊಳವೆ ಎಡಬಲದ ಹೊರಳಿಕೆಗೆ ಒಪ್ಪುವ ಕೀಲು! ಅದಕ್ಕೆ ಅಡ್ಡಲಾಗಿ ಕೂರಿಸಿದ ದಪ್ಪ ಬೋಲ್ಟು ಏರಿಳಿತಕ್ಕೆ. ಕೊಂಡಿಯನ್ನು ಎಳೆಯುವ ವಾಹನದ ಚೌಕಟ್ಟಿಗೇ ಬಿಗಿಯಬೇಕು. ಮಡ್‌ಗಾರ್ಡಿಗೆ ಬಿಗಿದರೆ ಕಿತ್ತುಬರುತ್ತದೆ. ಬೆಸುಗೆಯನ್ನು ನುರಿತವನ ಕೈಯಿಂದಲೇ ಮಾಡಿಸತಕ್ಕದ್ದು.

ಅನನುಭವಿಗಳು ಎಡವುವುದು ಸ್ಪ್ರಿಂಗಿನಲ್ಲಿ. ಇಬ್ಬರು ಸವಾರರನ್ನು ಹೊರಲೆಂದು ಮಾಡಿದ ಸ್ಪ್ರಿಂಗು ಹಗುರ ಬಂಡಿಗೆ ಅಷ್ಟಾಗಿ ಕುಗ್ಗದು. ಬಂಡಿ ಚೆಂಡಿನಂತೆ ಪುಟಿಯುತ್ತದೆ. ಉಪಾಯವೇನು? ಶಾಕ್ ಅಬ್ಸಾರ್ಬರಿನ ಕೆಳತುದಿಯನ್ನು ಸ್ವಿಂಗ್ ಆರ್ಮಿನ ನಡುಮಧ್ಯಕ್ಕೆ ತನ್ನಿ. ಮೇಲ್ತುದಿಯನ್ನೂ ಅಷ್ಟೇ ಮುಂದಕ್ಕೆ ಸರಿಸಿ. ಈಗ ಚಕ್ರ 4 ಸೆಂ.ಮೀ. ಏರಿದರೆ ಸ್ಪ್ರಿಂಗು 2 ಸೆಂ.ಮೀ. ಮಾತ್ರ ಕುಗ್ಗುತ್ತದೆ, ಅಂದರೆ ಅದರ ಬಲ ಅರ್ಧ. ಆ ಅರ್ಧವೂ ಸನ್ನೆಯ ನಿಯಮದಂತೆ ಚಕ್ರವನ್ನು ಮುಟ್ಟುವಾಗ ಮತ್ತೆ ಅರ್ಧವಾಗುತ್ತದೆ. ಹೀಗೆ ಬಿಗುವು ನಾಲ್ಕನೆಯ ಒಂದು ಪಾಲಿಗೆ ಇಳಿಯಿತು; ಹೊಸ ಸ್ಪ್ರಿಂಗು ಕೊಳ್ಳಬೇಕಾಗಲಿಲ್ಲ.

ಇನ್ನು ರೈತನ ಮೂಕಿಯ ವಿಷಯ. ಕೊಂಡಿಯಿಂದ ಇರುಸಿಗೆ 100 ಸೆಂ.ಮೀ. ಅಂತರವಿರಲಿ. 40 ಕಿಲೋಗ್ರಾಂ ಹೊರೆಯ ಗುರುತ್ವಕೇಂದ್ರ ಇರುಸಿಗಿಂತ 10 ಸೆಂ.ಮೀ. ಮುಂದಿದ್ದರೆ ಕೊಂಡಿಯ ಮೇಲೆ 4 ಕಿಲೋಗ್ರಾಂ ಭಾರ ಬೀಳುತ್ತದೆ, ಇದು ಹಿತವಾದುದು. ಅದೇ ಹೊರೆ ಇರುಸಿಗಿಂತ 20 ಸೆಂ.ಮೀ. ಹಿಂದೆ ಸರಿದರೆ ಕೊಂಡಿಯನ್ನು 8 ಕಿಲೋಗ್ರಾಮಿನಷ್ಟು ಮೇಲಕ್ಕೆತ್ತುತ್ತದೆ. ಆಗ ವಾಹನದ ಹಿಂಚಕ್ರಕ್ಕೆ ನೆಲದ ಹಿಡಿತ ಕುಂದುತ್ತದೆ. ಅಷ್ಟೇ ಅಲ್ಲ, ವೇಗ ಏರಿದಂತೆ ಬಂಡಿ ಬಾಲ ಆಡಿಸತೊಡಗುತ್ತದೆ. ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ ಕೊನೆಗೆ ಸವಾರನನ್ನೇ ಕೆಡವಬಹುದು. ಕೊಂಡಿ ಸವೆದು ಸಡಿಲವಾದರೂ ಇದೇ ಅಪಾಯವುಂಟು. ಮೂಟೆ ಜಾರದಂತೆ ಹಗ್ಗ ಬಿಗಿಯುವುದು ಇದಕ್ಕಾಗಿಯೇ.

ಬಂಡಿಗೆ ಬ್ರೇಕಿಲ್ಲದಿದ್ದರೆ ಅದರ ಚಲನಶಕ್ತಿಯನ್ನೂ ಮೋಟಾರ್ ಸೈಕಲ್ಲಿನ ಬ್ರೇಕೇ ನುಂಗಬೇಕು. ಹೊರೆ ಸೇರಿ 70 ಕಿಲೋಗ್ರಾಂ ಇರುವ ಬಂಡಿಯಲ್ಲಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಇರುವುದು 3,500 ಜೌಲ್, 72 ಕಿ.ಮೀ. ವೇಗದಲ್ಲಿ 14,000! ಎಷ್ಟೋ ಮಂದಿ ತರುಣರಿಗೆ ಈ ವರ್ಗದ ಲೆಕ್ಕ ಪರೀಕ್ಷೆಯಲ್ಲಿ ಬರುತ್ತದೆ, ರಸ್ತೆಯಲ್ಲಿ ಮರೆತುಹೋಗುತ್ತದೆ.

ಕೊಂಡಿ ಕಳಚಿದರೂ ಬಂಡಿ ಬಿಟ್ಟುಹೋಗದಂತೆ ಸರಪಳಿ ಇರಲಿ, ಹಿಂದೆ ಕೆಂಪು ದೀಪವಿರಲಿ. ವಾಹನದ ಮೂಲ ರಚನೆಯನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆ ನಿರ್ಬಂಧಿಸುತ್ತದೆ. ಆದುದರಿಂದ ಬೆಸುಗೆಗೆ ಮುಂಚೆಯೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಅನುಮತಿ ದೊರೆಯದಿದ್ದರೆ ಬಂಡಿ ಹೊಲದ ಅಂಚಿನಲ್ಲೇ ಓಡಾಡಲಿ. ಮೊದಲ ಪರೀಕ್ಷೆಗೂ ಬಯಲೇ ಲೇಸು: ಒಂದು ಮರಳಿನ ಮೂಟೆ, ನಡಿಗೆಯ ವೇಗ, ಬಂಡಿಯ ಬಾಲದ ಮೇಲೆ ಕಣ್ಣಿಟ್ಟು ಹಿಂದೆ ಬರುವ ಒಬ್ಬ ಗೆಳೆಯ.