ಸೀಟು ಸಿಕ್ಕಿತು, ಮಾತು ಸಿಗಲಿಲ್ಲ

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಮೀಸಲಾತಿ ಇದೆ. ನಾನು ಬಿಇ ಸೇರಿದ್ದೂ ಹೀಗೆಯೇ. ಆದರೆ ತರಗತಿಯೊಳಗೆ ಕಾಲಿಟ್ಟ ಮೇಲೆ ಕೈಹಿಡಿಯುವವರಿಲ್ಲ.

ಹೈಸ್ಕೂಲಿನಲ್ಲಿ ಕಲಿತ ‘ಸಂವೇಗ’, ‘ವಕ್ರೀಭವನ’ಗಳು ಪಿಯುಸಿಯಲ್ಲಿ ಮೊಮೆಂಟಮ್, ರಿಫ್ರಾಕ್ಷನ್ ಆದವು. ಎರಡು ವರ್ಷ ಬಾಯಿಪಾಠ ಮಾಡಿ ದಾಟಿದೆವು. ಬಿಇಯಲ್ಲಿ ಅದು ನಡೆಯದು. ವೈವಾದಲ್ಲಿ ಉತ್ತರ ಗೊತ್ತಿದ್ದರೂ ಇಂಗ್ಲಿಷ್ ವಾಕ್ಯ ಕೂಡಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ. ನನ್ನ ರೂಂಮೇಟ್ ಮೊದಲ ಸೆಮಿಸ್ಟರ್‌ನಲ್ಲೇ ಮೂರು ವಿಷಯ ಬ್ಯಾಕ್ ಉಳಿಸಿಕೊಂಡ. ಹಾಸ್ಟೆಲಿನಲ್ಲಿ ನಮಗೆಲ್ಲ ಕನ್ನಡದಲ್ಲಿ ಗಣಿತ ಹೇಳಿಕೊಡುವವನೂ ಅವನೇ!

ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲೇ ಅನುಮತಿ ನೀಡಿದೆ. ಆದರೆ ಕಂಪನಿಗಳ ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುವುದರಿಂದ ಪೂರ್ತಿ ಕನ್ನಡದ ಕೋರ್ಸ್ ಸೇರಲು ನಮಗೂ ಅಳುಕು. ನಮಗೆ ಬೇಕಿರುವುದು ಸೇತುವೆ. ಮೊದಲ ವರ್ಷ ವಾರಕ್ಕೊಂದು ತಾಸು ಕನ್ನಡದಲ್ಲಿ ಡೌಟ್ ಕೇಳುವ ಅವಕಾಶ, ಪ್ರತಿ ವಿಷಯಕ್ಕೂ ಎರಡು ಭಾಷೆಯ ಪದಪಟ್ಟಿ, ವೈವಾದಲ್ಲಿ ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿಗೆ ಬರುವ ಅನುಕೂಲ, ಇಷ್ಟಾದರೆ ಸಾಕು.

ಇದಕ್ಕೆ ಕಟ್ಟಡವೂ ಬೇಡ, ಅನುದಾನವೂ ಬೇಡ. ಸೀನಿಯರ್‌ಗಳು ಮನಸ್ಸು ಮಾಡಿದರೆ ಈ ಭಾನುವಾರವೇ ಹಾಸ್ಟೆಲಿನಲ್ಲಿ ಪದಪಟ್ಟಿಯಿಂದ ಶುರು ಮಾಡಬಹುದು. ನಿಮ್ಮ ಕಾಲೇಜಿನಲ್ಲಿ ಯಾರು ಮುಂದಾಗುತ್ತೀರಿ?