ಸಕ್ಕರೆ ತಿನ್ನದ ಡಾಲ್ಫಿನ್‌ಗೂ ಸಕ್ಕರೆಯ ತೊಂದರೆ!
ಊಟದ ಮೀನು ಬದಲಾದಾಗ ರಕ್ತವೂ ಬದಲಾದ ಕಥೆ

ಸಕ್ಕರೆ ಕಾಯಿಲೆಯ ಮಾತು ಬಂದಾಗಲೆಲ್ಲ ನಾವು ಬೆರಳು ತೋರಿಸುವುದು ಎಲೆಗೆ ಬಡಿಸಿದ ಪಾಯಸದ ಕಡೆಗೆ, ಚಹದ ಲೋಟದ ಕಡೆಗೆ, ಇಲ್ಲವೇ ಎರಡು ಹೊತ್ತಿನ ಅನ್ನದ ಕಡೆಗೆ. ಆದರೆ ಹುಟ್ಟಿದಂದಿನಿಂದ ಒಂದು ಅಗುಳು ಅನ್ನವನ್ನಾಗಲಿ ಒಂದು ಚಮಚ ಸಕ್ಕರೆಯನ್ನಾಗಲಿ ಕಾಣದ ಪ್ರಾಣಿಯ ರಕ್ತದಲ್ಲಿಯೂ ಮಧುಮೇಹವನ್ನು ಹೋಲುವ ಲಕ್ಷಣಗಳು ಕಂಡುಬಂದಿವೆ ಎಂದರೆ ಓದುಗರಿಗೆ ಸೋಜಿಗವೆನಿಸೀತು. ಆ ಪ್ರಾಣಿ ಡಾಲ್ಫಿನ್. ಅದರ ಊಟಕ್ಕೂ ರಕ್ತಕ್ಕೂ ಇರುವ ಸಂಬಂಧವನ್ನು ಅಮೆರಿಕದ ಪಶುವೈದ್ಯರು ಹಲವು ವರ್ಷಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ನಮಗೂ ತಿಳಿಯಬೇಕಾದ ಸಂಗತಿಗಳಿವೆ.

ಮೀನೇ ಊಟ, ಮೀನೇ ನೀರು

ಡಾಲ್ಫಿನ್ ನೀರಿನಲ್ಲಿದ್ದರೂ ಮೀನಲ್ಲ. ಶ್ವಾಸಕೋಶದಿಂದ ಉಸಿರಾಡುವ, ಮರಿ ಹಾಕಿ ಹಾಲೂಡಿಸುವ ಸಸ್ತನಿ. ನಮ್ಮ ಪಡುಗಡಲಿನಲ್ಲಿ ಮೀನಿಗೆ ಹೋಗುವವರಿಗೆ ಅದು ಅಪರಿಚಿತವೇನೂ ಅಲ್ಲ. ಬಾಟಲಿಯಂತಹ ಮೂತಿಯುಳ್ಳ ಜಾತಿಯ ಪ್ರಾಯದ ಡಾಲ್ಫಿನ್ ದಿನಕ್ಕೆ ತನ್ನ ತೂಕದ ನೂರಕ್ಕೆ 4ರಿಂದ 6 ಪಾಲಿನಷ್ಟು ಮೀನು ತಿನ್ನುತ್ತದೆ. ಎಂದರೆ 200 ಕಿಲೋ ತೂಗುವ ಪ್ರಾಣಿಗೆ ದಿನವೊಂದಕ್ಕೆ ಸುಮಾರು 8ರಿಂದ 12 ಕಿಲೋ ಮೀನು ಬೇಕು. ಸುತ್ತಲೂ ಸಮುದ್ರವಿದ್ದರೂ ಅದು ಉಪ್ಪುನೀರನ್ನು ಕುಡಿದು ಬದುಕುವುದಿಲ್ಲ. ಶರೀರಕ್ಕೆ ಬೇಕಾದ ನೀರಿನ ಬಹುಪಾಲು ಮೀನಿನ ಮಾಂಸದಿಂದ ಮತ್ತು ಕೊಬ್ಬು ಕರಗಿದಾಗ ಶರೀರದೊಳಗೇ ಹುಟ್ಟುವ ನೀರಿನಿಂದ ದೊರೆಯುತ್ತದೆ.

ಈ ಊಟದಲ್ಲಿ ಸಸಾರಜನಕ ಧಾರಾಳ, ಕೊಬ್ಬೂ ಉಂಟು, ಆದರೆ ಪಿಷ್ಟವಾಗಲಿ ಸಕ್ಕರೆಯಾಗಲಿ ಇಲ್ಲವೆನ್ನುವಷ್ಟು ಕಡಿಮೆ. ಡಾಲ್ಫಿನ್‌ನ ಮಿದುಳೋ ಒಂದೂವರೆ ಕಿಲೋದಷ್ಟು ತೂಗುವ, ಮನುಷ್ಯನ ಮಿದುಳಿಗೆ ಸರಿಗಟ್ಟುವ ಅಂಗ. ಮಿದುಳಿಗೆ ಗ್ಲೂಕೋಸ್ ಸದಾ ಬೇಕು. ಆದ್ದರಿಂದ ಡಾಲ್ಫಿನ್‌ನ ಪಿತ್ತಜನಕಾಂಗವು ಮೀನಿನ ಸಸಾರಜನಕದಿಂದಲೇ ಗ್ಲೂಕೋಸನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸಕ್ಕರೆ ತಿನ್ನದವನ ರಕ್ತದಲ್ಲಿ ಸಕ್ಕರೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಇದೇ ಉತ್ತರ.

ನೌಕಾಪಡೆಯ ಡಾಲ್ಫಿನ್‌ಗಳು

ಅಮೆರಿಕದ ನೌಕಾಪಡೆಯು 1960ರ ಸುಮಾರಿನಿಂದ ಡಾಲ್ಫಿನ್‌ಗಳನ್ನು ಸಾಕುತ್ತ ಬಂದಿದೆ. ಸಮುದ್ರದಡಿಯ ಸಿಡಿಮದ್ದುಗಳನ್ನೂ ಕಳೆದುಹೋದ ವಸ್ತುಗಳನ್ನೂ ಪತ್ತೆಹಚ್ಚಲು ಅವುಗಳಿಗೆ ತರಬೇತಿ ಕೊಡಲಾಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಕೊಲ್ಲಿಯಲ್ಲಿ ಬಲೆಯ ಆವರಣಗಳೊಳಗೆ ಅವುಗಳ ವಾಸ. ರಕ್ತ ತೆಗೆಯುವಾಗ ಬಾಲವನ್ನು ತಾವಾಗಿಯೇ ವೈದ್ಯರ ಕೈಗೆ ಒಪ್ಪಿಸುವಷ್ಟು ಅವು ಪಳಗಿವೆ. ಹೀಗಾಗಿ ಒಂದೊಂದು ಪ್ರಾಣಿಯ ರಕ್ತಪರೀಕ್ಷೆಯ ದಾಖಲೆಗಳೂ ವರ್ಷಗಟ್ಟಲೆ ಉಳಿದು ಬಂದಿವೆ.

ಸ್ಟೆಫಾನಿ ವೆನ್-ವಾಟ್ಸನ್ ಎಂಬ ಪಶುವೈದ್ಯೆಯೂ, ಆ ಡಾಲ್ಫಿನ್‌ಗಳ ವೈದ್ಯರಾಗಿ ಬಹುಕಾಲ ದುಡಿದ ಸ್ಯಾಮ್ ರಿಜ್ವೇ ಅವರೂ 2007ರಲ್ಲಿ ಒಂದು ಲೇಖನ ಪ್ರಕಟಿಸಿದರು. ರಾತ್ರಿಯೆಲ್ಲ ಉಪವಾಸವಿದ್ದ ಆರೋಗ್ಯವಂತ ಡಾಲ್ಫಿನ್‌ನ ರಕ್ತವು ಬೆಳಗ್ಗೆ ಮಧುಮೇಹವಿರುವ ಮನುಷ್ಯನ ರಕ್ತವನ್ನು ಹೋಲುತ್ತದೆ ಎಂಬುದು ಅದರ ಸಾರ. ಹೊಟ್ಟೆಗೆ ಮೀನು ಬಿದ್ದ ಬಳಿಕ ಸ್ಥಿತಿ ಮತ್ತೆ ಮೊದಲಿನಂತಾಗುತ್ತದೆ. ಬಾಗಿಲು ಹಾಕಿ ತೆಗೆದಂತೆ ಡಾಲ್ಫಿನ್ ಈ ಸ್ಥಿತಿಯನ್ನು ತನಗೆ ಬೇಕಾದಾಗ ತಂದುಕೊಂಡು ಬೇಡವಾದಾಗ ಬಿಡಬಲ್ಲದು ಎಂದು 2010ರ ವಿಜ್ಞಾನ ಸಮ್ಮೇಳನದಲ್ಲಿ ವೆನ್-ವಾಟ್ಸನ್ ವಿವರಿಸಿದರು. ಊಟವಿಲ್ಲದ ಹೊತ್ತಿನಲ್ಲಿ ಗ್ಲೂಕೋಸ್ ಮಾಂಸಖಂಡಗಳ ಪಾಲಾಗದೆ ಮಿದುಳಿಗೆ ಉಳಿಯಲೆಂದು ಪ್ರಕೃತಿ ಮಾಡಿಕೊಟ್ಟ ಏರ್ಪಾಟು ಇದಾಗಿರಬಹುದೆಂದು ಅವರ ಊಹೆ.

ಏರ್ಪಾಟು ರೋಗವಾದಾಗ

ಬಾಗಿಲು ಮತ್ತೆ ಮುಚ್ಚದಿದ್ದರೆ ಮಾತ್ರ ಕಷ್ಟ. ಸಾಕಿದ ಕೆಲವು ಡಾಲ್ಫಿನ್‌ಗಳಲ್ಲಿ ಊಟದ ಬಳಿಕವೂ ಇನ್ಸುಲಿನ್ ಮತ್ತು ಕೊಬ್ಬಿನ ಅಂಶ ಏರಿದ್ದು ಕಂಡುಬಂತು. ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುವುದು, ಶರೀರದಲ್ಲಿ ಕಬ್ಬಿಣದ ಅಂಶ ಮಿತಿಮೀರಿ ಶೇಖರವಾಗುವುದು ಇವುಗಳೂ ಗೋಚರಿಸಿದವು. ಕಬ್ಬಿಣ ಹೆಚ್ಚಾದ ಡಾಲ್ಫಿನ್‌ಗಳಿಗೆ ಆಗಾಗ ರಕ್ತ ತೆಗೆದು ಚಿಕಿತ್ಸೆ ಮಾಡಬೇಕಾಯಿತು. ಮನುಷ್ಯರಲ್ಲಿಯೂ ಕಬ್ಬಿಣ ಹೆಚ್ಚಾಗುವ ರೋಗಕ್ಕೆ ಇದೇ ಚಿಕಿತ್ಸೆ.

ಫ್ಲೋರಿಡಾದ ಸರಸೋಟಾ ಕೊಲ್ಲಿಯಲ್ಲಿ ಸ್ವತಂತ್ರವಾಗಿ ಬದುಕುವ ಡಾಲ್ಫಿನ್‌ಗಳ ಅಧ್ಯಯನ 1970ರಿಂದ ನಡೆದಿದೆ. ಆ ಡಾಲ್ಫಿನ್‌ಗಳ ರಕ್ತದೊಂದಿಗೆ ನೌಕಾಪಡೆಯ ಡಾಲ್ಫಿನ್‌ಗಳ ರಕ್ತವನ್ನು ಹೋಲಿಸಿದ ವರದಿ 2013ರಲ್ಲಿ ಹೊರಬಂತು. ಸಾಕಿದವುಗಳಲ್ಲಿ ಇನ್ಸುಲಿನ್, ಗ್ಲೂಕೋಸ್, ಕೊಬ್ಬಿನ ಅಂಶ ಇವೆಲ್ಲ ಹೆಚ್ಚಾಗಿದ್ದವು. ಅವುಗಳ ವಯಸ್ಸೂ ಹೆಚ್ಚಾಗಿತ್ತೆಂಬುದನ್ನು ನಾವು ಮರೆಯಬಾರದು. ಆದರೂ ಒಂದು ಪ್ರಶ್ನೆ ಉಳಿಯಿತು. ಎರಡು ಕಡೆಯೂ ತಿನ್ನುವುದು ಮೀನನ್ನೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿ?

ಎಲ್ಲ ಮೀನೂ ಒಂದೇ ಅಲ್ಲ

ಸಾಕಿದ ಡಾಲ್ಫಿನ್‌ಗೆ ಸಿಗುವುದು ಹಿಮಗಟ್ಟಿಸಿ ಇಟ್ಟ ಮೀನು. ಅದರಲ್ಲಿ ಮುಖ್ಯವಾದದ್ದು ಉತ್ತರದ ಶೀತಸಮುದ್ರಗಳಲ್ಲಿ ಹಿಡಿಯುವ ಕ್ಯಾಪೆಲಿನ್ ಎಂಬ ಸಣ್ಣ ಮೀನು. ಅದರೊಂದಿಗೆ ನಮ್ಮ ಬೂತಾಯಿಯ ಕುಟುಂಬಕ್ಕೆ ಸೇರಿದ ಹೆರಿಂಗ್, ಮತ್ತೆ ಬೊಂಡಾಸ್. ಸರಸೋಟಾದ ಡಾಲ್ಫಿನ್ ಆದರೋ ತಾನಿರುವ ಕೊಲ್ಲಿಯ ತಾಜಾ ಮೀನುಗಳನ್ನು ಬೇಟೆಯಾಡಿ ತಿನ್ನುತ್ತದೆ. ಅವುಗಳಲ್ಲೊಂದು ಮಲೆಟ್, ಎಂದರೆ ನಮ್ಮ ಜಿಲ್ಲೆಯ ಮೀನು ಮಾರ್ಕೆಟಿನಲ್ಲಿ ಕಣಂಬು, ತಿರುತ ಎಂದು ಮಲಯಾಳದಲ್ಲಿ ಕೂಗಿ ಮಾರುವ ಕುಲದ ಮೀನು.

ಮೀನಿನಲ್ಲೂ ಮೇಲುಕೀಳಿದೆ ಎಂಬುದು ಡಾಲ್ಫಿನ್ ಸಾಕುವವರಿಗೆ ಮೊದಲೇ ತಿಳಿದಿತ್ತು. ಕೆಲವು ಜಾತಿಯ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಅವುಗಳನ್ನೇ ಹಾಕುತ್ತ ಹೋದರೆ ಹೊಟ್ಟೆ ತುಂಬಿದ ಪ್ರಾಣಿಗೂ ನರಗಳ ತೊಂದರೆ ತಪ್ಪದು. ಆದ್ದರಿಂದಲೇ ಸಾಕಿದ ಡಾಲ್ಫಿನ್‌ಗಳ ಮೀನಿನೊಳಗೆ ಜೀವಸತ್ವದ ಮಾತ್ರೆಗಳನ್ನು ತುರುಕಿ ಕೊಡುವ ರೂಢಿ ಬಂತು. ಇದು ನಮಗೆ ಹೊಸ ಪಾಠವೇನಲ್ಲ. ನಯಮಾಡಿದ ಬೆಳ್ತಿಗೆ ಅಕ್ಕಿಯನ್ನೇ ನೆಚ್ಚಿದ ಜನರಿಗೆ ಬೆರಿಬೆರಿ ತಗಲುತ್ತಿದ್ದದ್ದು, ನಮ್ಮ ಕುಚ್ಚಲಕ್ಕಿಯಲ್ಲಿ ಅದೇ ಬಿ1 ಹೆಚ್ಚಾಗಿ ಉಳಿಯುವುದು, ಶಾಲೆಯ ಪುಸ್ತಕದಲ್ಲೇ ಓದಿದ ಸಂಗತಿ. ಅಕ್ಕಿಯಲ್ಲಿ ಹೇಗೋ ಮೀನಿನಲ್ಲೂ ಹಾಗೆಯೇ.

ಆರು ಡಾಲ್ಫಿನ್‌ಗಳ ಪಥ್ಯ

ವೆನ್-ವಾಟ್ಸನ್ ಮತ್ತು ಸಂಗಡಿಗರು ಎರಡೂ ಕಡೆಯ ಒಟ್ಟು 49 ಡಾಲ್ಫಿನ್‌ಗಳ ರಕ್ತದಲ್ಲಿರುವ ಕೊಬ್ಬಿನ ಆಮ್ಲಗಳನ್ನು ಬಿಡಿಬಿಡಿಯಾಗಿ ಅಳೆದು 2015ರಲ್ಲಿ ಪ್ರಕಟಿಸಿದರು. ಮೀನಿನ ಕೊಬ್ಬು ಎಂದೊಡನೆ ಎಲ್ಲರೂ ನೆನೆಯುವ ಒಮೆಗಾ-3ರ ಬದಲು, ಅವರ ಗಮನ ಸೆಳೆದದ್ದು ಹೆಪ್ಟಾಡೆಕನೋಯಿಕ್ ಆಮ್ಲ ಎಂಬ, 17 ಇಂಗಾಲದ ಪರಮಾಣುಗಳ ಸರಪಣಿಯುಳ್ಳ ಕೊಬ್ಬು. ಇದು ರಕ್ತದಲ್ಲಿ ಹೆಚ್ಚಿದ್ದ ಡಾಲ್ಫಿನ್‌ಗಳ ಇನ್ಸುಲಿನ್ ಮಿತಿಯಲ್ಲಿತ್ತು. ಮಲೆಟಿನಲ್ಲಿ ಈ ಕೊಬ್ಬು ಉಂಟು. ಕ್ಯಾಪೆಲಿನ್‌ನಲ್ಲಿಯೂ ಬೊಂಡಾಸಿನಲ್ಲಿಯೂ ಅದು ಇಲ್ಲವೆನ್ನುವಷ್ಟು ಕಡಿಮೆ.

ಮುಂದೆ ಆರು ಡಾಲ್ಫಿನ್‌ಗಳ ಊಟದಲ್ಲಿ ಕ್ಯಾಪೆಲಿನ್ ಕಡಿಮೆ ಮಾಡಿ ಮಲೆಟ್ ಸೇರಿಸಿದರು. ಈ ಪಥ್ಯ 24 ವಾರ ನಡೆಯಿತು. ಶರೀರದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಮೂರು ವಾರಗಳಲ್ಲೇ ಇಳಿಯಿತು. ಪಥ್ಯ ಮುಗಿಯುವ ಹೊತ್ತಿಗೆ ಇನ್ಸುಲಿನ್, ಗ್ಲೂಕೋಸ್, ಕೊಬ್ಬಿನ ಅಂಶ ಇವೆಲ್ಲವೂ ತಗ್ಗಿದ್ದವು. ಇನ್ಸುಲಿನ್ ಚುಚ್ಚುಮದ್ದಿಲ್ಲ, ಉಪವಾಸವಿಲ್ಲ. ಬದಲಾದದ್ದು ಬುಟ್ಟಿಯ ಮೀನು.

ಆತುರ ಬೇಡ

ಇಲ್ಲಿ ಓದುಗರಿಗೆ ಒಂದೆರಡು ಎಚ್ಚರಿಕೆಯ ಮಾತು ಹೇಳುವುದು ನಮ್ಮ ಕರ್ತವ್ಯ. ಆರು ಎಂಬುದು ಬಹಳ ಸಣ್ಣ ಸಂಖ್ಯೆ. ಮೀನು ಬದಲಾದಾಗ ಒಂದು ಕೊಬ್ಬು ಮಾತ್ರ ಬದಲಾಗುವುದಿಲ್ಲ. ಇತರ ಹತ್ತಾರು ಅಂಶಗಳೂ ಜತೆಗೆ ಬದಲಾಗುತ್ತವೆ. ಯಶಸ್ಸಿನ ಕೀರ್ತಿಯನ್ನೆಲ್ಲ ಒಂದಕ್ಕೇ ಕೊಡುವಂತಿಲ್ಲ. ಅಲ್ಲದೆ, ಇದೇ ಜಾತಿಯ, 15 ಇಂಗಾಲದ ಸರಪಣಿಯುಳ್ಳ ಇನ್ನೊಂದು ಕೊಬ್ಬನ್ನು ಮಾತ್ರೆಯ ರೂಪದಲ್ಲಿ ಮಾರುವ ಸಂಸ್ಥೆಯನ್ನು ವೆನ್-ವಾಟ್ಸನ್ ಅವರೇ ಮುಂದೆ ಸ್ಥಾಪಿಸಿದರು. ಹೀಗಿರುವಾಗ ಅವರ ಮಾತನ್ನು ಸಂಬಂಧವಿಲ್ಲದ ಇತರ ವಿಜ್ಞಾನಿಗಳೂ ಪರೀಕ್ಷಿಸಿ ನೋಡುವುದು ಲೇಸು.

ಈ ಬಗೆಯ ಕೊಬ್ಬು ಹಸುವಿನ ಹಾಲಿನಲ್ಲಿ, ಬೆಣ್ಣೆಯಲ್ಲಿ ಕೊಂಚ ಪ್ರಮಾಣದಲ್ಲಿ ಇದೆ. ರಕ್ತದಲ್ಲಿ ಇದು ಹೆಚ್ಚಿರುವವರಿಗೆ ಮಧುಮೇಹ ಬರುವುದು ಕಡಿಮೆಯೆಂದು ಯುರೋಪಿನ ದೊಡ್ಡದೊಂದು ಅಧ್ಯಯನ 2014ರಲ್ಲಿ ಹೇಳಿತು. ಆದರೆ ಜತೆಯಲ್ಲಿ ಕಾಣಿಸಿಕೊಂಡದ್ದೆಲ್ಲ ಕಾರಣವಾಗುವುದಿಲ್ಲ. ಇದನ್ನು ನೆಪಮಾಡಿಕೊಂಡು ದೋಸೆಗೆ ಬೆಣ್ಣೆಯ ಮುದ್ದೆ ಏರಿಸುವುದಾಗಲಿ, ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟುಬಿಡುವುದಾಗಲಿ ಸಲ್ಲದು. ಮಧುಮೇಹ ಮನೆಮನೆಯ ಮಾತಾಗಿರುವ ಈ ಕಾಲದಲ್ಲಿ ಇಂತಹ ಸುದ್ದಿಯನ್ನು ಅರ್ಧ ಓದಿ ಔಷಧ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಬಡಿಸುವವರ ಹೊಣೆ

ಹಾಗಾದರೆ ಈ ಸಂಶೋಧನೆಯಿಂದ ತಿಳಿಯುವುದೇನು? ಹೊಟ್ಟೆ ತುಂಬಿತೇ ಎಂದು ಕೇಳಿದರೆ ಸಾಲದು, ಯಾವುದರಿಂದ ತುಂಬಿತು ಎಂದೂ ಕೇಳಬೇಕು. ಸ್ಯಾನ್ ಡಿಯೇಗೋದ ಡಾಲ್ಫಿನ್‌ಗಳಿಗೆ ಯಾರೂ ಹೊಟ್ಟೆಗೆ ಕಡಿಮೆ ಮಾಡಿರಲಿಲ್ಲ. ತೂಕಮಾಡಿ, ಶುಚಿಮಾಡಿ, ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರು. ವೈದ್ಯರೂ ಬಳಿಯಲ್ಲಿಯೇ ಇದ್ದರು. ಆದರೂ ಕಡಲು ಕೊಡುತ್ತಿದ್ದ ಏನೋ ಒಂದು ಆ ಬುಟ್ಟಿಯಲ್ಲಿ ಇರಲಿಲ್ಲವೆಂದು ಗೊತ್ತಾಗಲು ಅರ್ಧ ಶತಮಾನವೇ ಹಿಡಿಯಿತು.

ನಮ್ಮ ದೇಶದಲ್ಲಿ ಡಾಲ್ಫಿನ್ ಪ್ರದರ್ಶನಶಾಲೆಗಳಿಗೆ ಅನುಮತಿ ಕೊಡಕೂಡದೆಂದು 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಅದು ವಿವೇಕದ ನಿರ್ಧಾರವೆಂದೇ ನಮ್ಮ ಎಣಿಕೆ. ಕಡಲಿನಲ್ಲಿರುವ ಡಾಲ್ಫಿನ್ ತನ್ನ ಊಟವನ್ನು ತಾನೇ ಆರಿಸಿಕೊಳ್ಳುತ್ತದೆ. ಆವರಣದೊಳಗಿನ ಡಾಲ್ಫಿನ್ ನಾವು ಎಸೆದುದನ್ನು ತಿನ್ನುತ್ತದೆ, ಇದು ಸಾಲದೆಂದು ಹೇಳಲು ಅದಕ್ಕೆ ಮಾತು ಬಾರದು. ಹಟ್ಟಿಯ ದನವಿರಲಿ, ತೊಟ್ಟಿಲ ಮಗುವಿರಲಿ, ಮಂಚ ಹಿಡಿದ ಮುದುಕರಿರಲಿ, ಇನ್ನೊಬ್ಬರ ಕೈಯಿಂದ ಉಣ್ಣುವ ಜೀವಗಳ ವಿಷಯದಲ್ಲಿ ಬಡಿಸುವವರ ಹೊಣೆ ಇಮ್ಮಡಿಯಾಗಿರುತ್ತದೆ.