ಹೊಸ್ತಿಲಲ್ಲಿ ನಿಂತ ಗಣಕಯಂತ್ರ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಮನೆಯ ಗಣಕಯಂತ್ರ ಏಳಲೇ ಇಲ್ಲ. ಹಿಂದಿನ ರಾತ್ರಿ ‘ಹೊಸ ಅಪ್‌ಡೇಟ್ ಬಂದಿದೆ, ಹಾಕಲೇ?’ ಎಂದು ಅದು ಕೇಳಿತ್ತು. ಮಲಗುವ ಆತುರದಲ್ಲಿ ಹೂಂ ಎಂದಿದ್ದೆವು. ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆ, ಅದರ ಮೇಲೆ ಹತ್ತಾರು ಸಾಲು ಇಂಗ್ಲಿಷ್ ಅಕ್ಷರ, ಕೊನೆಯಲ್ಲಿ ‘ಕರ್ನಲ್ ಪ್ಯಾನಿಕ್’ ಎಂಬ ಮಾತು. ಯಂತ್ರ ಗಾಬರಿಯಾಯಿತೋ ಇಲ್ಲವೋ, ನಾವಂತೂ ಗಾಬರಿಯಾದೆವು.

ಅದಕ್ಕೆ ಕಾರಣವಿತ್ತು. ಬೀದರ ಕಡೆಯವರಾದ ನಮ್ಮ ಅತ್ತೆಯವರು ಹಾಡುತ್ತಿದ್ದ ಬೀಸುವ ಪದಗಳನ್ನು ಧ್ವನಿಮುದ್ರಿಸಿ ಅದರಲ್ಲಿಟ್ಟಿದ್ದೆವು. ಅತ್ತೆಯವರು ಈಗಿಲ್ಲ. ಹಾಡುಗಳ ಇನ್ನೊಂದು ಪ್ರತಿಯೂ ಇರಲಿಲ್ಲ. ಅಂಗಡಿಯೊಂದಕ್ಕೆ ಒಯ್ದರೆ, ‘ಎಲ್ಲ ಅಳಿಸಿ ಹೊಸದಾಗಿ ಹಾಕುತ್ತೇವೆ, ಸಂಜೆಗೆ ಬನ್ನಿ’ ಎಂದರು. ಮನಸ್ಸೊಪ್ಪದೆ ಯಂತ್ರವನ್ನು ಹೊತ್ತುಕೊಂಡು ಮನೆಗೆ ಮರಳಿದೆವು.

ನಮ್ಮದು ಲಿನಕ್ಸ್ ಯಂತ್ರ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆದು ಲೋಕಕ್ಕೆ ಬಿಟ್ಟುಕೊಟ್ಟ ಕರ್ನಲ್, ಅಂದರೆ ತಿರುಳು, ಅದರ ಜೀವಾಳ. ಯಂತ್ರ ಏಳುವ ಕ್ರಮವನ್ನು ಹೀಗೆ ತಿಳಿಯಬಹುದು. ಮೊದಲು ಕಾವಲುಗಾರ ಎಚ್ಚರಗೊಂಡು ‘ಗ್ರಬ್’ ಎಂಬ ಮೇಸ್ತ್ರಿಯನ್ನು ಕರೆಯುತ್ತಾನೆ. ಮೇಸ್ತ್ರಿ ಯಜಮಾನನಾದ ಕರ್ನಲ್ಲನ್ನು ಎಬ್ಬಿಸುತ್ತಾನೆ. ಯಜಮಾನನ ಕೈಯಲ್ಲಿ ‘ಇನಿಟ್ರಾಮ್‌ಎಫ್‌ಎಸ್’ ಎಂಬ ಪುಟ್ಟ ಚೀಲ. ಉಗ್ರಾಣದ ಬೀಗದ ಕೈ ಅದರಲ್ಲಿ. ನಮ್ಮಲ್ಲಿ ಹೊಸ ಯಜಮಾನ ಬಂದಿದ್ದ, ಚೀಲ ಬಂದಿರಲಿಲ್ಲ. ಪಾಪ, ಹೊಸ್ತಿಲಲ್ಲೇ ನಿಂತು ಕೂಗಿಕೊಂಡ. ಉಗ್ರಾಣದೊಳಗಿನ ಸಾಮಾನು ಮಾತ್ರ ಇಟ್ಟಲ್ಲೇ ಇತ್ತು!

ಇದನ್ನು ತಿಳಿಸಿಕೊಟ್ಟವನು ನೆರೆಮನೆಯ ತೆಲುಗು ಹುಡುಗ. ಯಂತ್ರ ಹೊತ್ತಿಸುವಾಗ ಎಸ್ಕೇಪ್ ಕೀಲಿ ಒತ್ತಿಸಿದ. (ಹಳೆಯ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು.) ಮೇಸ್ತ್ರಿಯ ಪಟ್ಟಿ ಕಾಣಿಸಿತು. ಅದರಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಎಂಬ ಸಾಲಿನೊಳಗೆ ಹಿಂದಿನ ಕರ್ನಲ್ಲುಗಳೂ ಇದ್ದವು. ಹಳೆಯದನ್ನು ಆರಿಸಿದೆವು, ಯಂತ್ರ ಏನೂ ಆಗದಂತೆ ಎದ್ದು ಕುಳಿತಿತು.

ಹುಡುಗ ದುರಸ್ತಿಗೆ ಕೈಹಾಕಲಿಲ್ಲ. ‘ಮೊದಲು ಹಾಡುಗಳನ್ನು ಹೊರಗೆ ತೆಗೆಯಿರಿ’ ಎಂದ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಪೆನ್‌ಡ್ರೈವ್ ಎರಡು ತಂದು ಪ್ರತಿ ತೆಗೆದೆವು. ಆಮೇಲೆ ‘ಡಿಎಫ್’ ಆಜ್ಞೆ ಕೊಟ್ಟು ನೋಡಿದರೆ ರೋಗದ ಮೂಲ ಸಿಕ್ಕಿತು: ‘ಬೂಟ್’ ಎಂಬ ಸಣ್ಣ ಕೋಣೆ ತುಂಬಿ ತುಳುಕುತ್ತಿತ್ತು. ವರ್ಷಗಟ್ಟಲೆ ಬಂದ ಕರ್ನಲ್ಲುಗಳನ್ನೆಲ್ಲ ನಾವು ಅಟ್ಟದ ಹಳೆ ಪಾತ್ರೆಗಳಂತೆ ಹಾಗೇ ಬಿಟ್ಟಿದ್ದೆವು. ಹೊಸ ಚೀಲಕ್ಕೆ ಜಾಗವೇ ಇರಲಿಲ್ಲ. ಆಗ ನಡೆಯುತ್ತಿದ್ದ ಕರ್ನಲ್ಲನ್ನೂ ಇನ್ನೊಂದನ್ನೂ ಉಳಿಸಿಕೊಂಡು ಮಿಕ್ಕ ಹಳೆಯವನ್ನು ತೆಗೆಸಿದ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಪೂರ್ತಿಮಾಡಿ, ಚೀಲವನ್ನು ಹೊಸದಾಗಿ ಕಟ್ಟಿಸಿ, ಮೇಸ್ತ್ರಿಯ ಪಟ್ಟಿಯನ್ನೂ ತಿದ್ದಿಸಿದ. ಎಲ್ಲ ಸೇರಿ ಒಂದು ಗಂಟೆಯ ಕೆಲಸ.

ಮೇಸ್ತ್ರಿಯ ಪಟ್ಟಿಯೇ ಬಾರದಿದ್ದರೆ? ಆಗಲೂ ದಾರಿಯುಂಟು. ಬೇರೊಂದು ಯಂತ್ರದಲ್ಲಿ ಲಿನಕ್ಸನ್ನು ಪೆನ್‌ಡ್ರೈವಿಗೆ ಬರೆದುಕೊಂಡು, ಕೆಟ್ಟ ಯಂತ್ರವನ್ನು ಅದರಿಂದಲೇ ಎಬ್ಬಿಸಬಹುದು. ‘ಸ್ಥಾಪಿಸದೆ ನೋಡು’ ಎಂಬುದನ್ನೇ ಆರಿಸಬೇಕು. ‘ಸ್ಥಾಪಿಸು’ ಎಂಬುದನ್ನು ಒತ್ತಬಾರದು. ಒಳಗಿನ ಕಡತಗಳನ್ನು ಹೊರತೆಗೆದ ಮೇಲೆ, ತಿಳಿದವರ ನೆರವಿನಿಂದ ಗ್ರಬ್ ಅನ್ನು ಮತ್ತೆ ಹಾಕಿಸಿದರಾಯಿತು.

ಇಂಥ ಪಾಡು ನಮ್ಮಂಥವರಿಗೆ ಮಾತ್ರವೇ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ದೋಷಯುಕ್ತ ಅಪ್‌ಡೇಟಿನಿಂದ ಲೋಕದಲ್ಲೆಲ್ಲ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು ಎಂದು ಮೈಕ್ರೋಸಾಫ್ಟ್ ಅಂದಾಜುಮಾಡಿತು. ಅಂದು ನಮ್ಮ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಮರುತಿಂಗಳೇ ಬಂದ ವಿಂಡೋಸಿನ ಒಂದು ಅಪ್‌ಡೇಟು, ಅದರ ಪಕ್ಕದಲ್ಲೇ ಲಿನಕ್ಸ್ ಇಟ್ಟುಕೊಂಡಿದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತು. ಎರಡು ಸಂದರ್ಭದಲ್ಲೂ ಕೆಟ್ಟದ್ದು ಬಾಗಿಲು, ಮನೆ ಸುಟ್ಟಿರಲಿಲ್ಲ.

ಹಾಗೆಂದು ಅಪ್‌ಡೇಟನ್ನೇ ಬಿಡುವುದು ಜಾಣತನವಲ್ಲ. ಕಳ್ಳಕಿಂಡಿಗಳನ್ನು ಮುಚ್ಚುವುದೂ ಅದೇ. ಹಾಕುವ ಮೊದಲು ಜಾಗ ನೋಡಿ. ಹಾಕುವಾಗ ವಿದ್ಯುತ್ತು ಹೋಗದಂತೆ ನೋಡಿಕೊಳ್ಳಿ. ಬೇಕಾದ್ದರ ಪ್ರತಿ ಬೇರೆಡೆ ಇರಲಿ. ಯಾರಾದರೂ ‘ಎಲ್ಲ ಅಳಿಸೋಣ’ ಎಂದರೆ ಒಂದು ದಿನ ತಡೆಯಿರಿ.

ಆ ಸಂಜೆ ಹಾಡು ಹಚ್ಚಿದೆವು. ತವರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಹಿರಿಯರ ದನಿಯೂ ಒಂದು ಆಸ್ತಿ. ಈಗ ಅದರ ಒಂದು ಪ್ರತಿ ನಮ್ಮಲ್ಲಿದೆ, ಇನ್ನೊಂದು ಬೀದರದ ನಾದಿನಿಯ ಮನೆಯಲ್ಲಿದೆ. ನಿಮ್ಮ ಮನೆಯ ಹಾಡು ಎಷ್ಟು ಕಡೆ ಇದೆ, ಇವತ್ತೇ ನೋಡಿಕೊಳ್ಳಿ.